ಟ್ರಯಾಂಗಲ್ ದುರಂತ: ಮುಷ್ಕರದ ಕಥೆಯನ್ನೂ ಹೇಳಬೇಕು

ಮಾನ್ಯರೇ,

ಮಹಿಳಾ ದಿನದ ಬರಹಗಳಲ್ಲಿ ಹೆಂಗಸರ ಮೇಲುಡುಪು ಹೊಲಿಯುತ್ತಿದ್ದ ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯ ಬೆಂಕಿ ದುರಂತದ ಪ್ರಸ್ತಾಪ ಬರುವುದುಂಟು. ಆದರೆ 1911ರ ಮಾರ್ಚ್ 25ರಂದು 146 ಕಾರ್ಮಿಕರು ಸತ್ತರೆಂಬಲ್ಲಿಗೆ ಅದು ನಿಂತುಬಿಡುತ್ತದೆ. ಅದಕ್ಕೂ ಹಿಂದಿನ ಒಂದೂವರೆ ವರ್ಷದ ಸಂಗತಿ ತಿಳಿಯದೆ ಆ ಸಾವುಗಳು ಅರ್ಥವಾಗುವುದಿಲ್ಲ.

1909ರಲ್ಲಿ ಇದೇ ಕಾರ್ಖಾನೆಯ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ಬೀದಿಗಿಳಿದಿದ್ದರು. ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ವಲಸೆ ಕುಟುಂಬಗಳವರು. ಹಲವರಿಗೆ ಇಪ್ಪತ್ತು ಕೂಡ ತುಂಬಿರಲಿಲ್ಲ. ಆ ನವೆಂಬರಿನಲ್ಲಿ ಕೂಪರ್ ಯೂನಿಯನ್ ಎಂಬ ಕಾಲೇಜಿನ ಸಭಾಂಗಣದಲ್ಲಿ ನಡೆದ ಕಾರ್ಮಿಕರ ಸಭೆಯಲ್ಲಿ ನಾಯಕರ ಉದ್ದುದ್ದ ಭಾಷಣಗಳ ನಡುವೆ ಕ್ಲಾರಾ ಲೆಮ್ಲಿಕ್ ಎಂಬ ಯುವತಿ ಎದ್ದು ಸಾರ್ವತ್ರಿಕ ಮುಷ್ಕರಕ್ಕೆ ಕರೆ ಕೊಟ್ಟಳು. ಸುಮಾರು 20,000 ಹೊಲಿಗೆ ಕಾರ್ಮಿಕರು ಮುಷ್ಕರ ಹೂಡಿದರು. ಅನೇಕ ಮಾಲೀಕರು ಸಂಘಕ್ಕೆ ಮಾನ್ಯತೆ ಕೊಟ್ಟರು. ಟ್ರಯಾಂಗಲ್‌ನ ಮ್ಯಾಕ್ಸ್ ಬ್ಲಾಂಕ್ ಮತ್ತು ಐಸಾಕ್ ಹ್ಯಾರಿಸ್ ಮಾತ್ರ ಕಡೆಗೂ ಒಪ್ಪಲಿಲ್ಲ.

ದುರಂತ ನಡೆದ ಆ ಶನಿವಾರ ಸಂಜೆ ಕೆಲಸ ಬಿಡುವ ಹೊತ್ತಿಗೆ ಎಂಟನೇ ಮಹಡಿಯಲ್ಲಿ ಕಟಿಂಗ್ ಮೇಜಿನ ಕೆಳಗಿನ ಚಿಂದಿಗೆ ಬೆಂಕಿ ಹತ್ತಿತು. ಹತ್ತನೇ ಮಹಡಿಯ ಕಚೇರಿಗೆ ಫೋನಿನಲ್ಲಿ ಸುದ್ದಿ ಮುಟ್ಟಿ, ಅಲ್ಲಿದ್ದ ಮಾಲೀಕರು ತಾರಸಿಯಿಂದ ಪಾರಾದರು; ಒಂಬತ್ತನೇ ಮಹಡಿಯವರಿಗೆ ಮಾತ್ರ ಯಾರೂ ತಿಳಿಸಲಿಲ್ಲ. ಹೊರಹೋಗುವಾಗ ಎಲ್ಲರ ಕೈಚೀಲ ತಪಾಸಣೆ ಮಾಡಲು ಒಂದೇ ದಾರಿ ಇರಲೆಂದು ಅಲ್ಲಿಯ ಇನ್ನೊಂದು ಮೆಟ್ಟಿಲ ಬಾಗಿಲಿಗೆ ಬೀಗ ಹಾಕಲಾಗಿತ್ತು. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು, ಅಗ್ನಿಶಾಮಕ ದಳದ ಏಣಿ ಆರನೇ ಮಹಡಿಯವರೆಗಷ್ಟೇ ಮುಟ್ಟಿತು, ಹತ್ತಾರು ಮಂದಿ ಕಿಟಕಿಗಳಿಂದ ಹಾರಿ ಸತ್ತರು. ಒಂದು ತುಂಡು ಬಟ್ಟೆ ಕಳವಾದೀತೆಂಬ ಅನುಮಾನಕ್ಕೆ ಇಷ್ಟು ಜೀವಗಳನ್ನು ತೆತ್ತದ್ದು ಕ್ರೌರ್ಯವೇ ಸರಿ.

ಬಾಗಿಲಿಗೆ ಬೀಗವಿದ್ದದ್ದು ಮಾಲೀಕರಿಗೆ ಗೊತ್ತಿತ್ತೆಂದು ರುಜುವಾತಾಗಲಿಲ್ಲವೆಂದು ಅವರು ಅದೇ ವರ್ಷದ ಡಿಸೆಂಬರಿನಲ್ಲಿ ಖುಲಾಸೆಯಾದರು. 1913ರಲ್ಲಿ ಬ್ಲಾಂಕ್ ಮತ್ತೆ ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದಾಗ ತೆತ್ತ ದಂಡ ಕೇವಲ 20 ಡಾಲರ್.

ಮುಂದೆ ತನಿಖಾ ಆಯೋಗವೊಂದು ರಚನೆಯಾಗಿ ನ್ಯೂಯಾರ್ಕಿನ ಕಾರ್ಖಾನೆ ಕಾನೂನುಗಳು ಬದಲಾದವು ನಿಜ. ಆದರೆ ಕೆಲಸಗಾರರ ಸಂಘವನ್ನು ಕೂರಿಸಿಕೊಂಡು ಮಾತಾಡುವ ಪದ್ಧತಿ 1910ರಲ್ಲೇ ಆ ಕಾರ್ಖಾನೆಯೊಳಗೆ ಬಂದಿದ್ದರೆ, ಬೀಗದ ವಿಷಯವನ್ನು ನಿರ್ಭಯವಾಗಿ ಎತ್ತಲು ಒಂದು ಜಾಗವಾದರೂ ಇರುತ್ತಿತ್ತು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳ ವಿಷಯಕ್ಕೂ ಇದು ಸಲ್ಲುತ್ತದೆ. ಕಾರ್ಖಾನೆಗಳ ತಪಾಸಣೆಗೆ ಹೋಗುವ ಅಧಿಕಾರಿಗಳು ಆಡಳಿತದವರ ಕಡತಗಳನ್ನಷ್ಟೇ ನೋಡಿ ಬಾರದೆ, ಸೂಪರ್‌ವೈಸರ್‌ಗಳನ್ನು ಹೊರಗಿಟ್ಟು, ಯಾವ ಬಾಗಿಲು ಯಾವಾಗ ಮುಚ್ಚಿರುತ್ತದೆಂದು ಮಷೀನಿನ ಮುಂದೆ ಕೂತವರನ್ನೇ ಕೇಳಬೇಕು ಮತ್ತು ಅವರ ಉತ್ತರವನ್ನು ವರದಿಯಲ್ಲಿ ದಾಖಲಿಸಬೇಕು.

– ಓದುಗರೊಬ್ಬರು, ಬೆಂಗಳೂರು