ಗಣಿಯ ಗೇಟಿಗೆ ಬರುವ ಮೊದಲೇ ತರಬೇತಿ ಸಿಗಲಿ

ಮಾನ್ಯ ಸಂಪಾದಕರೇ,

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಸುಣ್ಣದಕಲ್ಲಿನ ಗಣಿಗಳಲ್ಲಿ ಸ್ಥಳೀಯರಿಗೆ ಕೆಲಸ ಕೊಡಬೇಕೆಂಬ ಬೇಡಿಕೆ ಚುನಾವಣೆ ಬಂದಾಗಲೆಲ್ಲ ಕೇಳಿಬರುತ್ತದೆ. ಬೇಡಿಕೆ ನ್ಯಾಯವಾದುದೇ. ಆದರೆ ವಾಲ್ಮೀಕಿ ನಾಯಕರ ಓಣಿಗಳಿಂದಲೂ ಲಂಬಾಣಿ ತಾಂಡಾಗಳಿಂದಲೂ ಬರುವ ಹುಡುಗರ ಕೈಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಕಾರ್ಡು ಬಿಟ್ಟರೆ ಬೇರೇನೂ ಇರುವುದಿಲ್ಲವಾದ್ದರಿಂದ, ಅವರು ಗುತ್ತಿಗೆದಾರರ ಕೈಕೆಳಗಿನ ಲೋಡಿಂಗ್ ಕೆಲಸದಲ್ಲೇ ಉಳಿದುಬಿಡುವುದನ್ನು ಗಣಿಯೊಂದರಲ್ಲಿ ಫೋರ್‌ಮನ್ ಆಗಿದ್ದ ನಾನು ವರ್ಷಗಟ್ಟಲೆ ಕಂಡಿದ್ದೇನೆ.

ಗಣಿಯಲ್ಲಿ ಕೆಲಸಕ್ಕೆ ಸೇರುವವನಿಗೆ ಪ್ರಾರಂಭಿಕ ತರಬೇತಿ ಕೊಡಬೇಕೆಂದು 1966ರ ಗಣಿ ವೃತ್ತಿ ತರಬೇತಿ ನಿಯಮಗಳೇ ಹೇಳಿವೆ. ಆದರೆ ಅದು ಆಯ್ಕೆಯಾದವನಿಗೆ ಸಿಗುವ ತರಬೇತಿ. ಆಯ್ಕೆಯಾಗುವಷ್ಟು ಸಿದ್ಧಪಡಿಸುವ ಹೊಣೆ ಯಾರದೂ ಅಲ್ಲ. ಕಲ್ಲು ಸಾಗಿಸುವ ಭಾರಿ ಲಾರಿ, ಅಂದರೆ ಡಂಪರ್ ಓಡಿಸುವ ಕೆಲಸವನ್ನೇ ನೋಡಿ. ನಮ್ಮ ಹುಡುಗರು ಹದಿನೈದಕ್ಕೇ ಟ್ರ್ಯಾಕ್ಟರ್ ಹತ್ತುತ್ತಾರೆ, ಲೈಸೆನ್ಸ್ ಮಾತ್ರ ಮಾಡಿಸುವುದಿಲ್ಲ. ಭಾರಿ ವಾಹನದ ಲೈಸೆನ್ಸಿಗೆ 20 ವರ್ಷ ತುಂಬಿರಬೇಕು, ಅದಕ್ಕೂ ಮೊದಲು ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾದರೂ ಆಗಿರಬೇಕು. ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮ 2019ರಲ್ಲೇ ರದ್ದಾಗಿದೆ ಎಂಬುದು ಎಷ್ಟೋ ತಾಂಡಾಗಳಿಗೆ ಇನ್ನೂ ತಲುಪಿಲ್ಲ. ಮೇಟ್ (ಕೆಲಸಗಾರರ ತಂಡದ ಮೇಲ್ವಿಚಾರಕ), ಬ್ಲಾಸ್ಟರ್ (ಬಂಡೆ ಸಿಡಿಸುವವನು) ಆಗಲು ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆಯ ದಾರಿ ಇದೆಯೆಂಬುದಂತೂ ದೂರದ ಮಾತು.

ನನ್ನ ಪಾಳಿಯಲ್ಲಿದ್ದ ಹೆಲ್ಪರ್ ಹುಡುಗನೊಬ್ಬ ಡಂಪರಿನ ಪಕ್ಕ ನಿಂತು ಕಿವಿಗೊಟ್ಟರೆ ಸಾಕು, ಬ್ರೇಕಿನ ಗಾಳಿ ಎಲ್ಲಿ ಸೋರುತ್ತಿದೆಯೆಂದು ಹೇಳಿಬಿಡುತ್ತಿದ್ದ. ಪಾಳಿ ಶುರುವಾಗುವ ಮುನ್ನ ತುಂಬಬೇಕಾದ ತಪಾಸಣಾ ಪುಸ್ತಕ ಇಂಗ್ಲಿಷಿನಲ್ಲಿತ್ತು. ಪೆನ್ನು ಹಿಡಿದು ಸುಮ್ಮನೆ ನಿಲ್ಲುತ್ತಿದ್ದ. ಆಪರೇಟರ್ ಹುದ್ದೆ ಖಾಲಿಯಾದಾಗ ಹೊರಗಿನಿಂದ ಬಂದವನಿಗೆ ಅದು ಹೋಯಿತು. ಆ ಪುಸ್ತಕದಲ್ಲಿದ್ದ ನಲವತ್ತು ಇಂಗ್ಲಿಷ್ ಪದಗಳನ್ನು ಕಲಿಸಲು ಹದಿನೈದು ದಿನ ಸಾಕಾಗಿತ್ತು. ನಾನೂ ಕಲಿಸಲಿಲ್ಲ, ಅದು ನನ್ನ ತಪ್ಪು.

ಕಲ್ಯಾಣ ಕರ್ನಾಟಕಕ್ಕೆಂದು 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಶಿಕ್ಷಣಕ್ಕೆ, ಸರ್ಕಾರಿ ನೌಕರಿಗೆ ಅನ್ವಯಿಸುತ್ತದೆಯೇ ಹೊರತು ಖಾಸಗಿ ಗಣಿಯ ಗೇಟಿನೊಳಗೆ ಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಗಣಿ ಕಂಪನಿಗಳು ಮೂಲನಿವಾಸಿಗಳೊಂದಿಗೆ ಮಾಡಿಕೊಳ್ಳುವ ಭೂಮಿ ಒಪ್ಪಂದಗಳಲ್ಲಿ ಉದ್ಯೋಗ, ತರಬೇತಿಗಳ ಮಾತನ್ನೂ ಬರೆಯುವ ರೂಢಿಯಿದೆ. ಕೆಲಸಕ್ಕೆ ಮುಂಚಿನ ತರಗತಿಗಳಲ್ಲಿ ಓದು-ಬರಹ, ಲೆಕ್ಕದ ಜೊತೆಗೆ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಡುವುದೂ ಸೇರಿರುತ್ತದೆ. ನಮ್ಮಲ್ಲಿ ಹೊಲ ಕೊಟ್ಟವರಿಗೆ ಅಂಥ ಒಪ್ಪಂದವಿಲ್ಲದಿದ್ದರೂ ಹಣವಿದೆ. ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ಗಣಿಯನ್ನು ಗುತ್ತಿಗೆಗೆ ಪಡೆದ ಕಂಪನಿಗಳು ರಾಜಧನದ (ರಾಯಲ್ಟಿ) ಜೊತೆಗೆ ವಂತಿಗೆ ಕಟ್ಟುತ್ತಾರೆ; ಅದನ್ನು ಖರ್ಚು ಮಾಡಬೇಕಾದ ಆದ್ಯತೆಯ ಕ್ಷೇತ್ರಗಳಲ್ಲಿ ಕೌಶಲಾಭಿವೃದ್ಧಿಯೂ ಒಂದು. ಆ ಮಾತು ಬಂದಾಗಲೆಲ್ಲ ಹೊಲಿಗೆ ಯಂತ್ರ ಹಂಚಿ ಫೋಟೊ ತೆಗೆಸಿಕೊಳ್ಳುವ ಬದಲು, ಗಣಿ ಸುತ್ತಲಿನ ಹಳ್ಳಿ-ತಾಂಡಾಗಳ 18 ತುಂಬಿದವರಿಗೆ ಲೈಸೆನ್ಸ್, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ, ಕಣ್ಣು-ಕಿವಿಗಳ ತಪಾಸಣೆ, ತಪಾಸಣಾ ಪುಸ್ತಕ ತುಂಬುವ ಅಭ್ಯಾಸ ಇವಿಷ್ಟನ್ನು ಸೇಡಂ, ಚಿಂಚೋಳಿಗಳಲ್ಲೇ ಕೊಡಿಸಲು ಜಿಲ್ಲಾಡಳಿತ ಮುಂದಾಗಬೇಕೆಂದು ವಿನಂತಿಸುತ್ತೇನೆ. ಕಲಿಸುವವರನ್ನು ಬೆಂಗಳೂರಿನಿಂದ ಕರೆಸಬೇಕಿಲ್ಲ. ನನ್ನಂತೆ ನಿವೃತ್ತರಾಗಿ ಮನೆಯಲ್ಲಿ ಕುಳಿತ ಫೋರ್‌ಮನ್‌ಗಳು, ಮೇಟ್‌ಗಳು ಇಲ್ಲಿಯೇ ಇದ್ದೇವೆ. ವಾರಕ್ಕೆರಡು ದಿನ ಬರಲು ನಾನಂತೂ ಸಿದ್ಧನಿದ್ದೇನೆ.

– ನಿವೃತ್ತ ಗಣಿ ಫೋರ್‌ಮನ್, ಸೇಡಂ, ಕಲಬುರಗಿ ಜಿಲ್ಲೆ