ನೇಪಾಳಕ್ಕೆ ಹೊರಟ ಮಗಳಿಗೊಂದು ಪತ್ರ

ಚಿ. ಸ್ಮಿತಾಳಿಗೆ ಅಪ್ಪನ ಆಶೀರ್ವಾದಗಳು.

ಭಾನುವಾರ ಫೋನಿನಲ್ಲಿ ನಿನ್ನ ನೇಪಾಳ ಪ್ರವಾಸದ ಬಗ್ಗೆ, ಅಲ್ಲಿನ ತ್ರಿಶೂಲಿ ನದಿಯ ಸೆಳವಿನಲ್ಲಿ ರಾಫ್ಟು (ಗಾಳಿ ತುಂಬಿದ ದೋಣಿ) ನಡೆಸುವ ಬಗ್ಗೆ, ನಮ್ಮಿಬ್ಬರ ನಡುವೆ ನಡೆದ ಬಿರುಸಿನ ಮಾತನ್ನು ಇಲ್ಲಿ ಮತ್ತೆ ಬರೆಯಬೇಕಾಗಿಲ್ಲ. ನೀನು ಆಮೇಲೆ ಅಳುತ್ತಿದ್ದೆಯೆಂದು ಅಮ್ಮ ಹೇಳಿದಳು. ತುಂಬಾ ನೋವಾಯಿತು, ಕ್ಷಮಿಸು ಮಗಳೇ. ಟಿಕೆಟ್ಟಿನ ಹಣ ನಿನ್ನ ದುಡಿಮೆಯದು, ನಿರ್ಧಾರವೂ ನಿನ್ನದೇ, ಹೋಗಿ ಬಾ. ಆದರೆ ಅಂದು ಬಾಯಿಗೆ ಬಾರದೆ ಉಳಿದ ಸಂಗತಿಯೊಂದಿದೆ, ಅದನ್ನು ಸಾವಧಾನವಾಗಿ ಬರೆದು ತಿಳಿಸಬೇಕೆನಿಸಿತು.

ನೀನು ಎರಡನೇ ತರಗತಿಯಲ್ಲಿದ್ದಾಗ ಗಣೇಶಗುಡಿ ಊರಿನ ಕೆಳಗೆ, ಕಾಳಿ ನದಿಯ ನಡುವಿನ ಬಂಡೆಯ ಮೇಲೆ ಕುಳಿತು ಬುತ್ತಿ ಉಂಡ ದಿನವನ್ನು ನೀನು ಈಗಲೂ ಸಂತೋಷದ ದಿನವೆಂದೇ ನೆನೆಯುತ್ತೀಯೆ. ಆ ದಿನದ ಇನ್ನೊಂದು ಭಾಗವನ್ನು ನಾನು ನಿನಗೆ ಹೇಳಿಲ್ಲ. ಮೇಲಿನ ಅಣೆಕಟ್ಟೆಯಿಂದ ಆ ಹೊತ್ತಿನಲ್ಲಿ ನೀರು ಬಿಡುವುದಿಲ್ಲವೆಂದು ದಡದಲ್ಲಿದ್ದವರನ್ನು ಕೇಳಿಕೊಂಡೇ ನಾವು ಇಳಿದಿದ್ದೆವು. ಒಳ್ಳೆಯ ಬಿಸಿಲಿತ್ತು, ಮೋಡದ ಸುಳಿವೂ ಇರಲಿಲ್ಲ, ನೀರು ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ. ನೀನು ಬಂಡೆಯ ಅಂಚಿನಲ್ಲಿ ಬಗ್ಗಿ ನೋಡುತ್ತಾ, "ಅಪ್ಪಾ, ಈ ಇರುವೆ ಎಲ್ಲಾ ಯಾಕೆ ಮೇಲೆ ಬರ್ತಾ ಇವೆ?" ಎಂದು ಕೇಳಿದೆ. ನಾನೂ ಬಗ್ಗಿ ನೋಡಿದೆ. ಸ್ವಲ್ಪ ಹೊತ್ತಿನ ಮೊದಲು ಬೂದು ಬಣ್ಣಕ್ಕೆ ಒಣಗಿದ್ದ ಕಲ್ಲು ಒಂದು ಗೇಣಿನಷ್ಟು ಕಪ್ಪಾಗಿ ಒದ್ದೆಯಾಗಿತ್ತು. ನೀರು ಏರುತ್ತಿತ್ತು, ಒಂದಿಷ್ಟೂ ಸದ್ದಿಲ್ಲದೆ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಇದೊಂದು ಆಟವೆಂಬಂತೆ ನಗುತ್ತಲೇ ಹೊಳೆ ದಾಟಿದೆ. ದಡ ಮುಟ್ಟುವಷ್ಟರಲ್ಲಿ ನೀರು ನನ್ನ ಸೊಂಟ ಮೀರಿತ್ತು. ನೀನು ನನ್ನ ಕೂದಲು ಹಿಡಿದುಕೊಂಡು ಕೇಕೆ ಹಾಕುತ್ತಿದ್ದೆ. ಹಿಂದಿರುಗಿ ನೋಡಿದಾಗ ಬಂಡೆ ಇನ್ನೂ ಕಾಣುತ್ತಿತ್ತು, ಬುತ್ತಿಯ ಡಬ್ಬಿ ಮಾತ್ರ ಇರಲಿಲ್ಲ. ಇಷ್ಟು ವರ್ಷಗಳಾದರೂ ಆ ಕಪ್ಪು ಗೆರೆ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ನೀನು "ತ್ರಿಶೂಲಿಯಲ್ಲಿ ರ‍್ಯಾಫ್ಟಿಂಗ್" ಎಂದ ಕ್ಷಣವೂ ನನಗೆ ಕಂಡದ್ದು ಅದೇ.

ನದಿಯ ಅಪಾಯವು ನಮ್ಮ ಕಣ್ಣೆದುರಿನ ನೊರೆಯಲ್ಲಿ ಮಾತ್ರ ಇರುವುದಿಲ್ಲ, ನಮಗೆ ಕಾಣದ ಮೇಲ್ಭಾಗದಲ್ಲಿಯೂ ಇರುತ್ತದೆ. 2025ರ ಜುಲೈ 8ರಂದು ನೇಪಾಳದ ಗಡಿಯ ರಸುವಾಗಢಿಯಲ್ಲಿ ಭೋಟೆಕೋಶಿ ನದಿ ಉಕ್ಕಿ ಹರಿದು, ಚೀನಾದೊಂದಿಗೆ ಸಂಪರ್ಕ ಕಲ್ಪಿಸುವ ಮೈತ್ರಿ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಮೇಲೆ ಟಿಬೆಟ್ಟಿನಲ್ಲಿ ಹಿಮನದಿಯ ಮೇಲಿದ್ದ ಕೆರೆಯೊಂದು ಬರಿದಾದದ್ದು ಅದಕ್ಕೆ ಕಾರಣವೆಂದು ತಜ್ಞರು ಆಮೇಲೆ ಗುರುತಿಸಿದರು. ಆ ಭೋಟೆಕೋಶಿಯೇ ಮುಂದೆ ತ್ರಿಶೂಲಿಯಾಗಿ, ನೀವು ರಾಫ್ಟು ಇಳಿಸುವ ಕಣಿವೆಗೆ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಹೋಗುತ್ತಿದ್ದೇವೆ ಎಂದು ನೀನು ಹೇಳಿದ್ದು ಸರಿಯೇ. ಅಕ್ಟೋಬರ್, ನವೆಂಬರ್ ಅಲ್ಲಿ ಒಳ್ಳೆಯ ಕಾಲ. ಆದರೂ 2024ರ ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ಹಿಂದೆಗೆಯಬೇಕಾದ ಹೊತ್ತಿನಲ್ಲೇ, ಪ್ರವಾಹ ಮತ್ತು ಭೂಕುಸಿತಗಳಿಗೆ ಆ ದೇಶದಲ್ಲಿ 200ಕ್ಕೂ ಹೆಚ್ಚು ಜನ ಬಲಿಯಾದರು. ಆದ್ದರಿಂದ ಗೈಡನ್ನು "ಮುಂದಿನ ಸೆಳವು ಯಾವ ಗ್ರೇಡಿನದು, ಎಷ್ಟು ಕಠಿಣ" ಎಂದು ಕೇಳುವುದರ ಜೊತೆಗೆ, "ಮೇಲೆ ನಿನ್ನೆ ಮಳೆಯಾಗಿದೆಯೇ, ನೀರಿನ ಬಣ್ಣ ಬದಲಾಗಿದೆಯೇ, ನಿನ್ನೆಗಿಂತ ಎಷ್ಟು ಏರಿದೆ" ಎಂದೂ ಕೇಳು. ಉತ್ತರ ಸಿಕ್ಕಿತೆಂದು ಸುಮ್ಮನಾಗಬೇಡ. ನಮಗೂ ಅಂದು ಉತ್ತರ ಸಿಕ್ಕಿತ್ತು. ನೀನೇ ದಡದ ಒಂದು ಕಲ್ಲನ್ನು ಗುರುತಿಟ್ಟುಕೊಂಡು ನೋಡುತ್ತಿರು.

ರಾಫ್ಟಿನಿಂದ ನೀರಿಗೆ ಬಿದ್ದರೆ ಬೆನ್ನ ಮೇಲೆ ತೇಲು, ಕಾಲುಗಳು ಹರಿವಿನ ಕಡೆಗೆ ಮುಂದಿರಲಿ, ಪಾದಗಳು ನೀರಿನ ಮೇಲೆ ಕಾಣುತ್ತಿರಲಿ. ಸೆಳವಿನಲ್ಲಿ ಎದ್ದು ನಿಲ್ಲಲು ಎಂದಿಗೂ ಹೋಗಬೇಡ. ಕಲ್ಲುಗಳ ಸಂದಿಯಲ್ಲಿ ಪಾದ ಸಿಕ್ಕಿಕೊಂಡರೆ ಸೊಂಟದ ಮಟ್ಟದ ನೀರೂ ಮನುಷ್ಯನನ್ನು ಮಗುಚಿ ಒತ್ತಿಹಿಡಿಯುತ್ತದೆ. ಲೈಫ್ ಜಾಕೆಟ್ಟನ್ನು ಹೆಗಲ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡು, ಅದು ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದರ್ಥ. ನಿನಗೆ ಈಜು ಬರುತ್ತದೆ, ನಿಜ. ಆದರೆ ಈಜುಕೊಳದ ನೀರು ಬೇರೆ, ಹಿಮ ಕರಗಿ ಬಂದ ನೀರು ಬೇರೆ.

ಪೋಖರಾದ ಪ್ಯಾರಾಗ್ಲೈಡಿಂಗ್ ಬಗ್ಗೆ ನನಗೆ ಇಷ್ಟು ಭಯವಿಲ್ಲ. ಸುಮಾರು 1,600 ಮೀಟರ್ ಎತ್ತರದ ಸಾರಂಗಕೋಟದಿಂದ ಹಾರಿ, ಬಿಸಿಗಾಳಿಯ ಕಂಬದಲ್ಲಿ ರಣಹದ್ದುಗಳ ಜೊತೆ ಸುತ್ತುತ್ತಾ ಏರಿ, ಫೇವಾ ಕೆರೆಯ ದಡಕ್ಕೆ ಇಳಿಯುವುದೆಂದರೆ ನನಗೂ ಆಸೆಯಾಗುತ್ತದೆ. ಮೈಗೆ ಕಟ್ಟುವ ಹಾರ್ನೆಸ್ಸಿನ ತೊಡೆಯ ಪಟ್ಟಿಗಳನ್ನು ಬಿಗಿದಿದ್ದಾರೆಯೇ ಎಂದು ನಿನ್ನ ಕೈಯಿಂದಲೇ ಮುಟ್ಟಿ ನೋಡು. ಪೈಲಟ್ ಓಡು ಎಂದಾಗ ಓಡು, ಕಾಲು ನೆಲ ಬಿಡುವ ಮುನ್ನ ಕುಳಿತುಬಿಡಬೇಡ. ಗಾಳಿ ಸರಿಯಿಲ್ಲವೆಂದು ಅವನು ಕಾಯಿಸಿದರೆ, ಆ ದಿನದ ಹಾರಾಟವನ್ನೇ ಬಿಟ್ಟರೂ, ಅವನಿಗೆ ಕೃತಜ್ಞಳಾಗಿರು. ಕುಶ್ಮಾ ಊರಿನಲ್ಲಿ ಹಿಗ್ಗುವ ಹಗ್ಗ ಕಟ್ಟಿಕೊಂಡು ಧುಮುಕುವ 228 ಮೀಟರಿನ ಬಂಜಿ ಜಿಗಿತದ ವಿಷಯವನ್ನು ಅಮ್ಮನಿಗೆ ನಾನು ಹೇಳಿಲ್ಲ, ನೀನೇ ಹೇಳು.

ಬುದ್ಧಿವಾದ ಉದ್ದವಾಯಿತು. ಇನ್ನೊಂದು ಮಾತು ಹೇಳದಿದ್ದರೆ ಈ ಪತ್ರ ಬರೆದೂ ವ್ಯರ್ಥ. ಅಂದು ಬಂಡೆಯ ಮೇಲೆ ನಾವು ಇಷ್ಟು ಜನ ದೊಡ್ಡವರಿದ್ದರೂ ಇರುವೆಗಳನ್ನು ಕಂಡವಳು ನೀನು. ಕಂಡದ್ದನ್ನು ಬಾಯಿಬಿಟ್ಟು ಕೇಳಿದವಳೂ ನೀನೇ. ಆ ಕಣ್ಣಿನ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ, ನಿನ್ನನ್ನು ಕಳುಹಿಸಲು ನನಗೆ ಧೈರ್ಯ ಬಂದದ್ದೂ ಅದರಿಂದಲೇ. ಗೆಳತಿಯರೆಲ್ಲ ಹುರುಪಿನಲ್ಲಿರುವಾಗ ಒಬ್ಬಳೇ "ಇವತ್ತು ಬೇಡ" ಎನ್ನುವುದು ಕಷ್ಟ. ಅನ್ನಿಸಿದರೆ ಅನ್ನು. ಕಟ್ಟಿದ ಹಣ ಹೋದರೆ ನಾನು ಕೊಡುತ್ತೇನೆ.

ವಿಮಾನದಲ್ಲಿ ಹೋಗುವವರಿಗೆ ಆಧಾರ್ ಕಾರ್ಡು ನಡೆಯುವುದಿಲ್ಲ. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಇಟ್ಟುಕೊಂಡಿರು. ವಿಮೆ ಮಾಡಿಸುವಾಗ ಸಾಹಸ ಕ್ರೀಡೆಗಳೂ ಸೇರಿವೆಯೇ ಎಂದು ಓದಿ ನೋಡು. ಕಾಠ್ಮಂಡುವಿನಿಂದ ಪೋಖರಾಕ್ಕೆ ರಾತ್ರಿ ಬಸ್ಸು ಬೇಡ, ಹಗಲಿನಲ್ಲೇ ಹೋಗಿ. ತ್ರಿಶೂಲಿಯಿಂದ ದಡ ಹತ್ತಿದ ದಿನ ಎಷ್ಟು ಹೊತ್ತಾದರೂ ಫೋನು ಮಾಡು. ಅಮ್ಮನಿಗೆ ಆಮೇಲೆ ಮಾಡಿದರಾಯಿತು, ಮೊದಲು ನನಗೆ ಮಾಡು.

ಇತಿ,
ನಿನ್ನ ಅಪ್ಪ