ಕೈಟ್‌ಬೋರ್ಡಿಂಗ್‌ಗೆ ಬೈಸೆಪ್ಸ್ ಅಲ್ಲ, ಈಜು ಬೇಕು

ಸಂಪಾದಕರಿಗೆ ನಮಸ್ಕಾರ,

ಸಮುದ್ರದ ಆಟಗಳ ಬಗ್ಗೆ ನಿಮ್ಮ ಪತ್ರಿಕೆಲಿ ಬಂದ ಬರಹ ಓದ್ದೆ. ಕೈಟ್‌ಬೋರ್ಡಿಂಗ್‌ಗೆ, ಅಂದ್ರೆ ದೊಡ್ಡ ಗಾಳಿಪಟದ ಎಳೆತಕ್ಕೆ ಬೋರ್ಡ್ ಮೇಲೆ ನಿಂತು ನೀರಲ್ಲಿ ಜಾರೋ ಆಟಕ್ಕೆ, ಜಿಮ್ ಬಾಡಿ ಬೇಕು, ತೋಳಲ್ಲಿ ತಾಕತ್ತಿರಬೇಕು ಅಂತ ಬರ್ದಿದ್ರಲ್ಲ, ಸುಮ್ನಿರೋಕೆ ಆಗ್ಲಿಲ್ಲ. ನಂಗೆ ಐವತ್ತು ಹತ್ರ ಬಂತು, ರಾಮೇಶ್ವರದಲ್ಲಿ ಕಲ್ತಿದ್ದು, ಇವತ್ತಿಗೂ ಒಂದು ಪುಲ್‌ಅಪ್ ಹೊಡೆಯೋಕೆ ಬರಲ್ಲ.

ಪಟದ ಎಳೆತ ಪೂರ್ತಿ ಕೈಗೆ ಬರೋದೇ ಇಲ್ಲ ಸ್ವಾಮಿ. ಸೊಂಟಕ್ಕೆ ಕಟ್ಟಿರೋ ಹಾರ್ನೆಸ್‌ನ ಕೊಕ್ಕೆಗೆ ಸಿಕ್ಕಿಸಿರ್ತಾರೆ, ಭಾರ ಹೆಚ್ಚುಕಮ್ಮಿ ಎಲ್ಲಾ ಅಲ್ಲಿಗೇ, ಕೈಗಿರೋ ಬಾರ್ ಸ್ಟೀರಿಂಗ್ ಇದ್ದಂಗೆ. ಜಿಮ್ ಹುಡುಗ್ರು ಶುರುನಲ್ಲಿ ಏನ್ಮಾಡ್ತಾರೆ ಅಂದ್ರೆ, ಭಯ ಆದ ತಕ್ಷಣ ಬಾರನ್ನ ಎದೆ ಕಡೆ ಎಳ್ಕೊಳ್ತಾರೆ, ಎಳ್ಕೊಂಡಷ್ಟೂ ಪಟಕ್ಕೆ ಪವರ್ ಜಾಸ್ತಿ, ಆಸಾಮಿ ನೀರಲ್ಲಿ ದರದರ! ಬಾರ್ ಬಿಟ್ರೆ ಎಳೆತ ಇಳಿಯುತ್ತೆ, ಬಿಡೋಕೆ ಯಾವ ಬೈಸೆಪ್ಸ್ ಬೇಕು ಹೇಳಿ? ಗಾಳಿ ವೇಗ 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ಇದ್ದಿದ್ದು 20 ಆದ್ರೆ ಎಳೆತ ಡಬಲ್ ಅಲ್ಲ, ನಾಲ್ಕು ಪಟ್ಟು, ಅದರ ಜೊತೆ ಜಗಳ ಆಡಿ ಗೆಲ್ಲೋ ಪೈಲ್ವಾನ್ ಇನ್ನೂ ಹುಟ್ಟಿಲ್ಲ, ನಮ್ಮ ತೂಕ ಗಾಳಿ ಎರಡೂ ನೋಡಿ ಪಟದ ಸೈಜ್ ಆರಿಸ್ಕೋಬೇಕು ಅಷ್ಟೇ. ಸ್ಪೇನ್‌ನ ಗಿಸೆಲಾ ಪುಲಿಡೊ 2004ರಲ್ಲಿ ಇದೇ ಆಟದಲ್ಲಿ ವರ್ಲ್ಡ್ ಚಾಂಪಿಯನ್ ಆದಾಗ ಅವಳಿಗೆ 10 ವರ್ಷ.

ಒಲಿಂಪಿಕ್ ರೇಸಿಂಗ್ ಬೇರೆ ಕಥೆ ಬಿಡಿ. 2024ರಲ್ಲಿ ಫ್ರಾನ್ಸ್‌ನ ಮಾರ್ಸೇನಲ್ಲಿ ಮೊದಲ ಸಲ ಇಟ್ಟಿದ್ರಲ್ಲ, ಅದಕ್ಕೆ ಕೆಲವರು ಬೇಕಂತ್ಲೇ ತೂಕ ಏರಿಸ್ಕೊಂಡಿದ್ರು, ಭಾರ ಇದ್ರೆ ದೊಡ್ಡ ಪಟನ ತಡ್ಕೊಂಡು ಸ್ಪೀಡಾಗಿ ಹೋಗ್ಬೋದು ಅಂತ.

ನಮ್ಮಂಥವರಿಗೆ ಬೇಕಾಗಿರೋದು ತೊಡೆ, ಹೊಟ್ಟೆ, ಕೆಳಬೆನ್ನು. ಹಿಮ್ಮಡಿಲಿ ಬೋರ್ಡಿನ ಅಂಚು ಒತ್ತಿ ಹಿಂದಕ್ಕೆ ವಾಲ್ಕೊಂಡೇ ಇರ್ಬೇಕಲ್ಲ. ಮಂಡಿ ಲಿಗಮೆಂಟ್ ಹೋಗಿರೋರು, ಭುಜ ಜಾರೋರು, ಹಾರ್ಟ್ ತೊಂದ್ರೆ ಅಥವಾ ಫಿಟ್ಸ್ ಇರೋರು ಡಾಕ್ಟರ್ ಕೇಳದೆ ಇಳೀಲೇಬಾರ್ದು. ದಮ್ಮೂ ಬೇಕು, ಯಾಕಂದ್ರೆ ಕಲಿಯೋವಾಗ ಗಾಳಿ ನಮ್ಮನ್ನ ತಾನು ಬೀಸೋ ಕಡೆಗೆ ಎಲ್ಲೋ ದೂರ ತಗೊಂಡೋಗಿ ಬಿಡುತ್ತೆ, ಪಟ ಬೋರ್ಡ್ ಎಲ್ಲಾ ಹೊತ್ಕೊಂಡು ಸುಡೋ ಮರಳಲ್ಲಿ ವಾಪಸ್ ನಡೀಬೇಕು, ಅದನ್ನ ಯಾವ ವಿಡಿಯೋದಲ್ಲೂ ತೋರ್ಸಲ್ಲ.

ಎಲ್ಲಕ್ಕಿಂತ ಮೊದಲು ಈಜು, ಅದೂ ಸ್ವಿಮ್ಮಿಂಗ್ ಪೂಲ್ ಈಜಲ್ಲ. ಗಾಳಿ ದಿಢೀರ್ ನಿಂತ್ರೆ ಪಟ ನೀರಿಗೆ ಬೀಳುತ್ತೆ, ಆಗ ಇಪ್ಪತ್ತು ಮೀಟರ್‌ಗಿಂತ ಉದ್ದದ ದಾರಗಳನ್ನ ಸುತ್ಕೊಂಡು, ಕಾಲಿಗೆ ಸಿಕ್ಕಿಹಾಕ್ಕೊಳ್ಳದ ಹಾಗೆ ನೋಡ್ಕೊಂಡು, ಬಾಯಿಗೆ ಉಪ್ಪುನೀರು ನುಗ್ತಿದ್ರೂ ಗಾಬರಿ ಆಗದೆ ದಡ ಸೇರ್ಬೇಕು. ಮುಲ್ಕಿ ಸಸಿಹಿತ್ಲು ಕಡೆ ಅಲೆ ಮಧ್ಯೆ ಬೆಳೆದ ಸರ್ಫಿಂಗ್ ಹುಡುಗ್ರಿಗೆ ಇದು ಸಲೀಸು, ನೀರು ಕಂಡ್ರೆ ಹೆದರೋ ಸಿಕ್ಸ್‌ಪ್ಯಾಕ್‌ನೋರಿಗಲ್ಲ.

ಕಲಿಸೋರಲ್ಲಿ ಕೆಲವರು "ಈಜು ಬರುತ್ತಾ?" ಅಂತ ಬಾಯ್ಮಾತಲ್ಲಿ ಕೇಳಿ, ಹ್ಞೂಂ ಅಂದ್ರೆ ದುಡ್ಡು ಇಸ್ಕೊಂಡು ಹಾರ್ನೆಸ್ ಕಟ್ಬಿಡ್ತಾರೆ. ಮೊದಲು ಸಮುದ್ರದಲ್ಲಿ ಇನ್ನೂರು ಮೀಟರ್ ಈಜಿಸಿ ನೋಡಿ, ಆಮೇಲೆ ಫೀಸ್ ತಗೊಳ್ಳಲಿ. ನೀವೂ ಮುಂದಿನ ಸಲ ಬರಿಯೋವಾಗ ಇದನ್ನ ಮೊದಲನೇ ಪ್ಯಾರಾದಲ್ಲೇ ಹಾಕಿ.

ಇಂತಿ,
ಒಬ್ಬ ಓದುಗ, ಉಡುಪಿ